ಎರಡು ಸಲ ಮಣ್ಣು ಮುಟ್ಟುವವರು

ಇಂಥದ್ದನ್ನು ಯಾರಾದರೂ ಬರೆಯಲು ಕೂತರೆ ಫೋಟೋಕ್ಕೆ ಹಾರ ಬಿದ್ದಿದೆ ಎಂದೇ ಜನ ತಿಳಿಯುತ್ತಾರೆ. ‘ಪೈಲ್ವಾನ್ರ ಬಗ್ಗೆ ಬರಿಯಾಕತ್ತೇನಿ’ ಎಂದು ನಾನು ಅಂದ ಕೂಡಲೇ ಅವ್ವ ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ, ‘ಯಾಕ, ಏನಾತು ಅವ್ರಿಗೆ?’ ಎಂದಳು. ಏನೂ ಆಗಿಲ್ಲ. ಹೋದ ತಿಂಗಳು ಹಂಸಭಾವಿಗೆ ಮನೆ ಬದಲಿಸಿದ್ದಾರೆ, ಅಷ್ಟೇ. ಅದು ಅವರ ಹೆಂಡತಿಯ ತವರು. ಅಲ್ಲಿ ರಕ್ತ ತಪಾಸಣೆಯ ಒಂದು ಸಣ್ಣ ಕೋಣೆ ತೆರೆದಿದ್ದಾರೆ. ಮೊನ್ನೆ ಫೋನಿನಲ್ಲಿ, ‘ಬೋರ್ಡಿನ ಮ್ಯಾಲೆ ನನ್ನ ಹೆಸರು ಓದಿ, ಇಂವ ಯಾರು ಅಂತ ಕೇಳಾಕತ್ತಾರೋ ತಮ್ಮಾ. ಪೈಲ್ವಾನ ಅಂತನ ಬರಸಬೇಕಿತ್ತು’ ಎಂದು ನಕ್ಕರು. ಆದ್ದರಿಂದ ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಬರೆದರೆ ನನಗೇ ಬೇರೆ ಯಾರೋ ಅನ್ನಿಸುತ್ತಾರೆ.

ನಮ್ಮದು ಸವಣೂರು. ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮುಗಿಸಿ ನಾನು ಶಿಗ್ಗಾಂವಿಯ ಒಂದು ಖಾಸಗಿ ಲ್ಯಾಬಿಗೆ ಸೇರಿದಾಗ ಅವರು ಅಲ್ಲಿ ಹಿರಿಯರು. ಬಾಗಿಲಲ್ಲಿ ನಿಂತರೆ ಹಿಂದಿನ ಬೆಳಕು ಮುಚ್ಚಿಹೋಗುವಂಥ ಮೈ. ಬಿಳಿ ಕೋಟಿನ ಗುಂಡಿಗಳು ಯಾವತ್ತೂ ಹಾಕಿದ್ದಿಲ್ಲ, ಯಾಕೆಂದರೆ ಕೋಟಿನ ಎರಡು ಅಂಚು ಒಂದಕ್ಕೊಂದು ತಲುಪುತ್ತಿರಲಿಲ್ಲ. ಪೈಲ್ವಾನ ಎಂಬ ಹೆಸರು ಬಂದದ್ದು ಆ ಮೈಯಿಂದ. ಮೂಲ ಊರು ಹಾನಗಲ್ಲ. ಚಿಕ್ಕವರಿದ್ದಾಗ ಅವರಪ್ಪ, ಇಷ್ಟು ತೂಕ ಸುಮ್ಮನೆ ಯಾಕೆ ಹಾಳಾಗಬೇಕು ಎಂದು ಗರಡಿಗೆ ಹಾಕಿದ್ದರಂತೆ. ಅಲ್ಲಿ ಇವರು ಗೆದ್ದದ್ದು ಒಂದೂ ಇಲ್ಲ.

‘ಸಣ್ಣ ಸಣ್ಣ ಹುಡುಗರು ಗುಬ್ಬಿ ಹಂಗ ಸುತ್ತಲೂ ಹಾರತಿದ್ರು. ನಾ ಹೊಳ್ಳಿ ನೋಡೂದ್ರಾಗ ಆಕಾಶ ಕಾಣತಿತ್ತು’ ಎನ್ನುತ್ತಿದ್ದರು. ಆಕಾಶ ಕಂಡಿತು ಎಂದರೆ ಬೆನ್ನು ಮಣ್ಣಿಗೆ ಹತ್ತಿತು ಎಂದು ಅರ್ಥ.

ಆದರೆ ಅವರ ಕೈ ಮಾತ್ರ ಬೇರೆ ಯಾರದೋ ಸಪೂರ ಮನುಷ್ಯನದು ಅನ್ನಬೇಕು. ರಕ್ತ ತೆಗೆಸಿಕೊಳ್ಳುವವರು ಕುರ್ಚಿಯಲ್ಲಿ ಕೂತು ಕೈ ಚಾಚಿದರೆ ಮೊಣಕೈ ಒಳಗೆ ಎರಡು ಬೆರಳಿನಿಂದ ಎರಡು ಸಲ ತಟ್ಟುವರು. ಆಮೇಲೆ ಮುಖ ನೋಡಿ, ‘ನಿಮ್ಮ ಮನ್ಯಾಗ ಎಮ್ಮಿ ಎಷ್ಟವ?’ ಎಂದು ಕೇಳುವರು. ಎಮ್ಮೆ ಇದ್ದವರು ಎಣಿಸತೊಡಗುವರು, ಇಲ್ಲದವರು ಇದೇನು ಕೇಳುತ್ತಾನೆ ಎಂದು ತಲೆ ಎತ್ತುವರು. ಅಷ್ಟರಲ್ಲಿ ಸೂಜಿ ಒಳಗೆ ಹೋಗಿ, ಕೊಳವೆ ತುಂಬಿ, ಹತ್ತಿ ಒತ್ತಿ ಆಗಿರುತ್ತಿತ್ತು. ‘ಆತು, ಏಳ್ರಿ.’ ‘ಯಾವಾಗ ಚುಚ್ಚಿದ್ರಿ?’ ‘ನೀವು ಎಮ್ಮಿ ಹುಡುಕಾಕ ಹೋದಾಗ.’

ನನಗೆ ಆ ಕೈ ಬರಲಿಲ್ಲ. ನಾನು ಎಮ್ಮೆ ಕೇಳಿದರೆ ಜನ ನನ್ನ ಸೂಜಿಯನ್ನೇ ನೋಡುತ್ತಿದ್ದರು.

ಲ್ಯಾಬಿನ ಕಾಯುವ ಕೋಣೆಯಲ್ಲಿ ಒಂದು ಟಿವಿ, ಅದಕ್ಕೆ ಜೋಡಿಸಿದ ಒಂದು ಗೇಮಿನ ಪೆಟ್ಟಿಗೆ ಇತ್ತು. ಮಾಲಕರ ಮಗ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದದ್ದು. ಮಧ್ಯಾಹ್ನ ಊಟದ ಹೊತ್ತಿಗೆ ಜನ ಖಾಲಿಯಾಗಿ, ಒಳಗೆ ಯಂತ್ರ ಗುಂಯ್‌ಗುಟ್ಟುತ್ತ ತಿರುಗುವಾಗ ಪೈಲ್ವಾನರು ನನ್ನ ಕಡೆ ಒಂದು ಕಂಟ್ರೋಲರ್ ತಳ್ಳುವರು. ಷರತ್ತು ಒಂದೇ. ನಾನು ಊರಿಂದ ತರುತ್ತಿದ್ದ ಕುರುಕಲು ತಿಂಡಿ ಸವಣೂರು ಖಾರಾ ತಿಂದರೆ ಸೋಪು ಹಚ್ಚಿ ಕೈ ತೊಳೆದೇ ಗುಂಡಿ ಮುಟ್ಟಬೇಕು. ಒಮ್ಮೆ ಹಾಗೇ ಆಡಿ ಕಣ್ಣು ಉಜ್ಜಿಕೊಂಡು ಇಡೀ ಮಧ್ಯಾಹ್ನ ಒಂದೇ ಕಣ್ಣಿನಲ್ಲಿ ರಿಪೋರ್ಟ್ ಬರೆದವನು ನಾನು.

ಅದು ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟ. ಆರಿಸಿಕೊಳ್ಳಲು ಹತ್ತಾರು ಜನ ಇದ್ದಾರೆ. ಬೆಟ್ಟದಂಥ ಒಬ್ಬ ದೈತ್ಯನೂ ಇದ್ದಾನೆ. ಪೈಲ್ವಾನರು ಅವನನ್ನೇ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಅವರು ಹಿಡಿದದ್ದು ಎಲ್ಲರಿಗಿಂತ ಕುಳ್ಳನಾದ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬ ಕುಸ್ತಿಯವನನ್ನು. ಅವನಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದರು.

‘ನೀವು ಆ ದೊಡ್ಡಾಂವನ್ನ ಯಾಕ ತಗೊಳ್ಳಂಗಿಲ್ರಿ?’ ಎಂದು ಕೇಳಿದೆ.

‘ಅಂವಾಗಿ ಐವತ್ತು ವರ್ಷ ಇದ್ದು ನೋಡೇನಲ್ಲೋ. ಹಗುರ ಆಗಾಕ ನನಗ ಈ ಜನ್ಮದಾಗ ಇದೊಂದ ಜಾಗಾ ಐತಿ.’

ಗುಬ್ಬಿಯ ಹೊಡೆತಕ್ಕೆ ಬಲವಿಲ್ಲ. ದೂರದಿಂದ ಎಸೆಯಲು ಏನೂ ಇಲ್ಲ. ಅವನಿಗಿರುವುದು ಎರಡು: ಓಟ ಮತ್ತು ಹಿಡಿತ. ಮಿಂಚಿನಂತೆ ಓಡಿಬಂದು ಕೊರಳಿಗೆ ಜಿಗಿಯಬಹುದು, ಕಾಲಡಿ ಜಾರಬಹುದು, ಇಲ್ಲವೇ ಮುಟ್ಟುವಷ್ಟು ಹತ್ತಿರ ಬಂದು ಸುಮ್ಮನೆ ನಿಂತುಬಿಡಬಹುದು. ಆ ನಿಲ್ಲುವುದೇ ಅವನ ವಿದ್ಯೆ. ಎದುರಿನವನು ಹೊಡೆತ ಬಂತೆಂದು ಕೈ ಅಡ್ಡ ಇಟ್ಟರೆ ಗುಬ್ಬಿ ಆ ಕೈಯನ್ನೇ ಹಿಡಿದು ಎತ್ತಿ ಒಗೆಯುತ್ತಾನೆ. ಹಿಡಿಯುತ್ತಾನೆಂದು ಹೆದರಿ ಮೇಲೆ ಹಾರಿದರೆ ಕೆಳಗೆ ಕಾದು ನಿಂತು, ಇಳಿಯುವಾಗ ಹಿಡಿಯುತ್ತಾನೆ. ಲೆಕ್ಕ ತಪ್ಪಿದರೆ ಮಾತ್ರ ತಾನೇ ಗಾಳಿಯನ್ನು ಅಪ್ಪಿ ಮುಗ್ಗರಿಸಿ ಬೀಳುತ್ತಾನೆ. ಅವನನ್ನು ಆಡಿಸುವವರು ಕಡಿಮೆ. ಬೆರಳು ಚುರುಕಿದ್ದರೆ ಸಾಲದು, ಎದುರಿನವರ ಭಯ ಯಾವ ಕಡೆಗೆ ವಾಲಿದೆ ಎಂದು ಗೊತ್ತಾಗಬೇಕು.

‘ನೀ ಗುಂಡಿ ನೋಡ್ತಿ. ನನ್ನ ನೋಡು’ ಎನ್ನುತ್ತಿದ್ದರು. ‘ನೀ ಉಸಿರು ಹಿಡದಿ ಅಂದ್ರ ಹಾರಾಂವ ಇದ್ದಿ. ರಕ್ತಾ ತಗಸ್ಕೊಳ್ಳಾರೂ ಹಂಗ. ಉಸಿರು ಬಿಟ್ಟಾಗ ಚುಚ್ಚಬೇಕು.’

ನನಗೆ ಎಲ್ಲವನ್ನೂ ತಾರೀಕು ಹಾಕಿ ಬರೆದಿಡುವ ಚಟ. ಬಸ್ಸು ಎಷ್ಟು ತಡ, ಬಂಕಾಪುರದ ಕಡೆ ಮಳೆ ಇತ್ತೋ ಇಲ್ಲವೋ, ಯಾರು ಗೆದ್ದರು. ಆಟದ ಪುಟದಲ್ಲಿ ಅವರ ಕಡೆಗೆ ಗೀಟಿನ ಮೇಲೆ ಗೀಟು, ನನ್ನ ಕಡೆಗೆ ಖಾಲಿ. ಅದನ್ನು ಒಂದು ದಿನ ನೋಡಿ, ‘ಇದೇನೋ, ನನ್ನ ಕಡೆ ಬೇಲಿ ಹಾಕಿ ನಿನ್ನ ಕಡೆ ದನಾ ಮೇಯಾಕ ಬಿಟ್ಟಿ?’ ಎಂದರು. ಅಂದಿನಿಂದ ಗೆಲುವಿನ ಹೆಸರು ನಮ್ಮಲ್ಲಿ ಬೇಲಿ ಎಂದಾಯಿತು. ಇವತ್ತಿಗೆ ಬೇಲಿ ಎಷ್ಟು ಉದ್ದ ಬಂತು ಎಂದು ಕೇಳುವರು.

ಈ ಆಟದಲ್ಲಿ ಅವರದೊಂದು ರೂಢಿ ಇತ್ತು. ಗಂಟೆ ಬಾರಿಸಿ ಆಟ ಶುರುವಾದ ಕೂಡಲೇ ಗುಬ್ಬಿ ಎರಡು ಸಲ ಕುಕ್ಕರಿಸಿ ಏಳುತ್ತಿದ್ದ. ಗೆದ್ದ ಮೇಲೂ, ಎದುರಿನವನು ಕೆಳಗೆ ಬಿದ್ದಿರುವಾಗ, ಅವನ ಹತ್ತಿರ ಹೋಗಿ ಮತ್ತೆ ಎರಡು ಸಲ. ಅವರ ಪ್ರಕಾರ ಅದು ಮಣ್ಣು ಮುಟ್ಟುವುದು. ಗರಡಿಯಲ್ಲಿ ಕುಸ್ತಿಗೆ ಇಳಿಯುವವರು ಬಗ್ಗಿ ಮಣ್ಣು ಮುಟ್ಟಿ, ಎದುರಾಳಿಯ ಮೈಗೂ ಒಂದು ಚಿಟಿಕೆ ಹಚ್ಚುತ್ತಾರೆ. ಅದಕ್ಕೆ ಸಲಾಮಿ ಎನ್ನುತ್ತಾರೆ. ಮುಗಿದ ಮೇಲೆಯೂ ಹಾಗೆಯೇ. ಗುಬ್ಬಿಗೆ ಮಣ್ಣು ಹಿಡಿಯುವ ಗುಂಡಿ ಇಲ್ಲವಲ್ಲ, ಬಗ್ಗುವ ಗುಂಡಿ ಇದೆ. ಆದ್ದರಿಂದ ಬಗ್ಗುತ್ತಿದ್ದ. ನಾನು ಮರೆತು ನೇರ ಹೊಡೆಯಲು ಹೋದರೆ ಕಂಟ್ರೋಲರ್ ತೊಡೆಯ ಮೇಲಿಟ್ಟು ಕಾಯುವರು. ‘ಮೊದಲ ಸಲಾಮಿ ಹಾಕಪಾ. ನಾವೇನು ಜಗಳಾಡಾಕ ಬಂದೇವೇನು?’ ಆಟ ಕಲಿತದ್ದೇ ಅವರಿಂದ. ಎಲ್ಲ ಕಡೆಯೂ ಹೀಗೇ ಇರುತ್ತದೆ ಎಂದು ನಾನು ನಂಬಿದ್ದೆ.

ಶಿಗ್ಗಾಂವಿಯಲ್ಲಿ ಮೊಬೈಲ್ ಅಂಗಡಿಯವರೊಬ್ಬರು ಒಂದು ಭಾನುವಾರ ಕಲ್ಯಾಣ ಮಂಟಪ ಹಿಡಿದು ಇದೇ ಆಟದ ಸ್ಪರ್ಧೆ ಇಟ್ಟರು. ಹೆಸರು ಕೊಟ್ಟದ್ದು ನಾನು. ಪೈಲ್ವಾನರು ಬೇಡ ಬೇಡ ಎನ್ನುತ್ತಲೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಅವರ ಅರ್ಧ ವಯಸ್ಸಿನವರು. ಪ್ಲಾಸ್ಟಿಕ್ ಕುರ್ಚಿ ಒಂದು ಸಾಲದೆಂದು ಎರಡನ್ನು ಒಂದರ ಮೇಲೊಂದು ಇಟ್ಟು ಕೂತರು. ಮೊದಲ ಎರಡು ಆಟ ಶಿಗ್ಗಾಂವಿಯ ಹುಡುಗರ ಜೊತೆ. ಗುಬ್ಬಿ ಬಗ್ಗಿ ಎದ್ದಾಗಲೆಲ್ಲ ಅವರು ಕಿಸಕ್ಕೆಂದು ನಕ್ಕರು. ‘ಕಾಕಾರು ಭಾರಿ ಅದಾರ ಬಿಡ್ರಿ’ ಎಂದು ಹಿಂದಿನಿಂದ ಯಾರೋ ಕೂಗಿದರು. ಮೆಚ್ಚಿಕೊಂಡು ಕೂಗುತ್ತಿದ್ದಾರೆ ಎಂದುಕೊಂಡೆವು.

ಮೂರನೆಯ ಆಟ ಹಿರೇಕೆರೂರು ಕಡೆಯ ಒಬ್ಬ ಹುಡುಗಿಯ ಜೊತೆ. ಕಾಲೇಜು ಓದುವವಳು, ಮಾತು ಕಡಿಮೆ. ಅವಳು ಹಿಡಿದದ್ದು ಉದ್ದನೆಯ ಕೋಲು ತಿರುಗಿಸುವ ಒಬ್ಬ ಹೆಣ್ಣನ್ನು. ಆ ಕೋಲು ದಾಟಿ ಹತ್ತಿರ ಹೋಗುವುದು ಗುಬ್ಬಿಗೆ ಬಹಳ ಕಷ್ಟ. ಪೈಲ್ವಾನರ ಹಣೆಯಲ್ಲಿ ಬೆವರು ಬಂದದ್ದನ್ನು ಆಗ ಮೊದಲ ಸಲ ನೋಡಿದೆ. ಮೂರು ಸಲ ಓಡಿ ಮೂರು ಸಲವೂ ಕೋಲಿನ ಏಟು ತಿಂದರು. ನಾಲ್ಕನೆಯ ಸಲ ಓಡಿ, ಕೋಲಿನ ತುದಿಗೆ ಒಂದು ಗೇಣು ಮೊದಲೇ ನಿಂತರು. ಅವಳು ಗಾಳಿಗೆ ಬೀಸಿದಳು. ಗುಬ್ಬಿ ಒಳಗೆ ನುಗ್ಗಿ ಎತ್ತಿ ಒಗೆದ. ಅಂಥ ಆಟ ನಾನು ಲ್ಯಾಬಿನಲ್ಲೂ ನೋಡಿರಲಿಲ್ಲ. ಕೋಲಿನ ಹೆಣ್ಣು ಅಂಗಾತ ಬಿದ್ದಳು. ಪೈಲ್ವಾನರು ಖುಷಿಯಲ್ಲಿ, ಗೌರವದಲ್ಲಿ, ಗುಬ್ಬಿಯನ್ನು ಅವಳ ಹತ್ತಿರ ನಡೆಸಿ ಎರಡರ ಬದಲು ನಾಲ್ಕು ಸಲ ಬಗ್ಗಿಸಿದರು.

ಹುಡುಗಿ ಕಂಟ್ರೋಲರ್ ಕೆಳಗಿಟ್ಟಳು. ಇನ್ನೊಂದು ಸುತ್ತು ಬಾಕಿ ಇತ್ತು.

‘ನಾ ಆಡೂದಿಲ್ರಿ. ಇವರ ವಯಸ್ಸಿಗೆ ಮರ್ಯಾದಿ ಕೊಟ್ಟು ಇಷ್ಟಕ್ಕ ಬಿಡ್ತೇನಿ.’

ಪೈಲ್ವಾನರು ಎದ್ದು ಕೈ ಚಾಚಿದರು. ಅವಳು ಎರಡು ಹೆಜ್ಜೆ ಹಿಂದೆ ಸರಿದು ಹೊರಟುಹೋದಳು. ಅಂಗಡಿಯವರು ನನ್ನನ್ನು ಮೂಲೆಗೆ ಕರೆದು, ಇಂಥ ಆಟಗಳನ್ನು ಆಡುವವರ ಲೋಕದಲ್ಲಿ ಬಿದ್ದವರ ಮೇಲೆ ಹಾಗೆ ಕುಕ್ಕರಿಸಿ ಏಳುವುದಕ್ಕೆ ಏನರ್ಥ ಎಂದು ಹೇಳಿದರು. ಗಂಡಸರ ನಡುವೆಯೇ ಅದು ಹೊಲಸು ಹೀಯಾಳಿಕೆ. ಹೆಣ್ಣಿನ ಮೇಲೆ ಮಾಡಿದರೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಪೈಲ್ವಾನರನ್ನು ಸ್ಪರ್ಧೆಯಿಂದ ತೆಗೆದರು.

ಅವರಿಗೆ ಹೇಳುವ ಕೆಲಸ ನನ್ನದಾಯಿತು. ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಹೇಳಿದೆ. ಅವರು ಕಪ್ಪನ್ನು ಬೆಂಚಿನ ಮೇಲೆ ಇಟ್ಟರು.

‘ಅಂಥಾದ್ದ ಅರ್ಥ ಐತೇನು ಅದಕ?’

‘ಹೌದಂತ್ರಿ.’

‘ನಾ ಆ ತಂಗಿಗೆ ನಮಸ್ಕಾರ ಮಾಡಿದ್ನಲ್ಲೋ.’

ಚಹಾ ಅಲ್ಲೇ ಕೆನೆಗಟ್ಟಿತು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಬುಧವಾರದ ಹೊತ್ತಿಗೆ ಅದು ಶಿಗ್ಗಾಂವಿಯ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಇತ್ತು. ಜೊತೆಗೆ ಅರ್ಥವನ್ನೂ ಬರೆದಿದ್ದರು. ಗುರುವಾರ ಬೆಳಿಗ್ಗೆ ಲ್ಯಾಬಿನ ಹಿಂದಿನ ಓಣಿಯ ಒಬ್ಬ ಅವ್ವಾರು ಸಕ್ಕರೆ ನೋಡಿಸಲು ಬಂದರು. ವರ್ಷಗಳಿಂದ ಪೈಲ್ವಾನರ ಕೈಯಲ್ಲೇ ತೆಗೆಸಿಕೊಂಡವರು, ಎಮ್ಮೆಯ ಪ್ರಶ್ನೆಗೆ ಪ್ರತಿ ಸಲ ಒಂದೊಂದು ಉತ್ತರ ಕೊಡುತ್ತಿದ್ದವರು. ಅಂದು ಕುರ್ಚಿಯಲ್ಲಿ ಕೂತು ಸೆರಗನ್ನು ಮೊಣಕೈವರೆಗೆ ಹೊದ್ದುಕೊಂಡು, ನನ್ನ ಕಡೆ ಗದ್ದ ತೋರಿಸಿ, ‘ಆ ಹುಡುಗ ತಗೀಲಿ’ ಎಂದರು.

ಪೈಲ್ವಾನರು ಹತ್ತಿಯ ಉಂಡೆ ಹಿಡಿದುಕೊಂಡೇ ಬದಿಗೆ ಸರಿದರು. ನಾನು ಎರಡು ಸಲ ಚುಚ್ಚಿದೆ. ಅವ್ವಾರ ಕೈಯಲ್ಲಿ ನೀಲಿ ಕಲೆ ಎದ್ದಿತು. ಅವರ ನಂತರ ಬಂದ ಹೆಣ್ಣುಮಕ್ಕಳೂ ಅದೇ ಮಾತು ಹೇಳಿದರು. ಪೈಲ್ವಾನರ ಪಾಲಿಗೆ ಉಳಿದದ್ದು ಗಂಡಸರು ಮತ್ತು ಕೊಳವೆಗಳಿಗೆ ಚೀಟಿ ಅಂಟಿಸುವ ಕೆಲಸ. ಮಧ್ಯಾಹ್ನ ಅವರು ಕಂಟ್ರೋಲರಿನ ವೈರುಗಳನ್ನು ನೀಟಾಗಿ ಸುತ್ತಿ ಕಪಾಟಿನ ಮೇಲಿಟ್ಟರು.

‘ನಾನು ಒಂದು ಮೆಸೇಜ್ ಬರದು ಎಲ್ಲಾ ಗ್ರೂಪಿಗೂ ಹಾಕ್ತೇನ್ರಿ. ಸಲಾಮಿ ಅಂದ್ರೇನು ಅಂತ ತಿಳಿಸಿ ಹೇಳೂಣು’ ಎಂದೆ.

‘ಬ್ಯಾಡ. ಹೇಳಿದಷ್ಟೂ ಆ ತಂಗೀ ಹೆಸರು ಊರಾಗ ಆಡತೈತಿ.’ ಒಂದು ಕೊಳವೆಗೆ ಚೀಟಿ ಅಂಟಿಸಿ, ‘ಹೆಣ್ಣಮಕ್ಕಳು ಕೈ ಚಾಚಲಿಲ್ಲ ಅಂದ್ರ ನಾ ಇಲ್ಲಿ ಯಾಕ ನಿಂದರಬೇಕು ಹೇಳು? ಈ ತಿಂಗಳು ಮುಗೀಲಿ, ಬಿಡ್ತೇನಿ’ ಎಂದರು.

ಆ ದಿನ ನನ್ನ ಡೈರಿಯಲ್ಲಿ ತಾರೀಕು ಮಾತ್ರ ಇದೆ.

ಮರು ಸೋಮವಾರ, ಉಪವಾಸದಲ್ಲಿ ರಕ್ತ ಕೊಡುವವರು ಬೆಂಚಿನ ತುಂಬ ಕೂತಿದ್ದರು. ಹಿಂದಿನ ಓಣಿಯ ಅವ್ವಾರೂ ಇದ್ದರು. ವೈದ್ಯರು ಮತ್ತೊಮ್ಮೆ ನೋಡಿಸಲು ಹೇಳಿದ್ದರಂತೆ, ಮುಂಚೆಯೇ ಮುಖ ಸಣ್ಣ ಮಾಡಿಕೊಂಡು ನನ್ನನ್ನು ನೋಡುತ್ತಿದ್ದರು. ಆಗ ಬಾಗಿಲಲ್ಲಿ ಒಬ್ಬ ಮುದುಕರು ಬಂದು ನಿಂತರು. ದೋತರ, ಅಗಲ ಎದೆ, ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಮುದುಡಿ ಗಂಟಾದ ಎರಡೂ ಕಿವಿ. ಅವರ ಹಿಂದೆ ಆ ಹುಡುಗಿ. ನಾನು ಕೈಯಲ್ಲಿದ್ದ ಕೊಳವೆಗಳ ಸ್ಟ್ಯಾಂಡು ಕೆಳಗಿಟ್ಟೆ.

‘ಯಾರ್ರೀ ಇಲ್ಲಿ, ಮಣ್ಣು ಮುಟ್ಟಿದಂವ?’ ಎಂದರು ಮುದುಕರು. ಕಿವಿ ಮಂದವಿದ್ದುದರಿಂದ ಇರಬೇಕು, ಅವರ ಮಾತು ರಸ್ತೆಯವರೆಗೂ ಕೇಳಿಸಿತು.

ಪೈಲ್ವಾನರು ಒಳಗಿನ ಕೋಣೆಯಿಂದ ಹೊರಗೆ ಬಂದರು.

‘ಇವಳು ನನ್ನ ಮೊಮ್ಮಗಳು. ಎಂಟು ದಿನ ಆತು, ಸಿಟ್ಟಿನ್ಯಾಗ ಉಣ್ಣವಲ್ಲಳು. ಏನಾತು ತೋರಸು ಅಂದೆ. ಮೊಬೈಲ್ ತೋರಿಸಿದ್ಲು. ನೋಡಿ ನಾ ಅಂದೆ, ಹುಚ್ಚವ್ವಾ, ಅಂವ ಸಲಾಮಿ ಹಾಕ್ಯಾನ. ಆಟಕ್ಕ ಇಳಿಯೂ ಮುಂದ ಎರಡು, ಬಿದ್ದಾಗ ಎರಡು. ಇದನ್ನ ಗರಡಿ ಮಣ್ಣಿನ್ಯಾಗ ಹೊರಳಿದಂವ ಬಿಟ್ಟು ಯಾರೂ ಮಾಡೂದಿಲ್ಲ. ಯಾವ ಗರಡಿರಿ ನಿಮ್ಮದು?’

‘ಹಾನಗಲ್ಲರಿ.’

‘ಎಷ್ಟು ಕುಸ್ತಿ ಗೆದ್ದೀರಿ?’

‘ಒಂದೂ ಇಲ್ರಿ.’

‘ಅದಕ್ಕ ಸಲಾಮಿ ಇಷ್ಟು ಚಂದ ಕಲ್ತೀರಿ. ಸೋತಂಗೆಲ್ಲಾ ಮಾಡಿದ್ದಲ್ಲ?’

ಬೆಂಚಿನ ಮೇಲಿದ್ದವರಲ್ಲಿ ಯಾರೋ ನಕ್ಕರು. ಆಮೇಲೆ ಇನ್ನೊಬ್ಬರು. ಪೈಲ್ವಾನರು ಮಾತ್ರ ನಗಲಿಲ್ಲ. ಹುಡುಗಿಯ ಕಡೆ ತಿರುಗಿ, ‘ತಂಗಿ, ನನಗ ಅದರ ಅರ್ಥ ಗೊತ್ತಿರಲಿಲ್ಲವಾ’ ಎಂದರು.

‘ನನಗೂ ನಿಮ್ಮ ಅರ್ಥ ಗೊತ್ತಿರಲಿಲ್ರಿ’ ಎಂದಳು ಅವಳು. ‘ಆದರ ನಾಕು ಸಲ ಯಾಕ ಮಾಡಿದ್ರಿ? ಅಜ್ಜಗೂ ಅದೊಂದು ತಿಳೀಲಿಲ್ಲ.’

‘ಆಟ ಅಷ್ಟು ಚಲೋ ಆಡಿದ್ಯವಾ.’

ಅವಳು ಅಜ್ಜನನ್ನು ಬೆಂಚಿನಲ್ಲಿ ಕೂರಿಸಿ ತಾನು ನೇರವಾಗಿ ಹೋಗಿ ರಕ್ತ ತೆಗೆಯುವ ಕುರ್ಚಿಯಲ್ಲಿ ಕೂತು ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು. ‘ಮನ್ಯಾಗ ಅಜ್ಜಗ ಸಕ್ಕರಿ ಐತ್ರಿ. ನಂದೂ ಒಮ್ಮೆ ನೋಡಬೇಕು ಅಂತ ಡಾಕ್ಟರ್ ಅಂದಿದ್ರು. ಏನೂ ತಿಂದಿಲ್ಲ. ನೀವ ತಗೀರಿ.’

ಪೈಲ್ವಾನರು ಕೈ ತೊಳೆದರು, ಒರೆಸಿಕೊಂಡರು, ಯಾಕೋ ಮತ್ತೊಮ್ಮೆ ತೊಳೆದರು. ಅವಳ ಮೊಣಕೈ ಒಳಗೆ ಎರಡು ಬೆರಳಿನಿಂದ ಎರಡು ಸಲ ತಟ್ಟಿದರು. ‘ಇಲ್ಲೂ ಎರಡ!’ ಎಂದು ಬೆಂಚಿನಿಂದ ಮುದುಕರು ಕೂಗಿದರು. ಪೈಲ್ವಾನರು ಸೂಜಿ ಎತ್ತಿಕೊಂಡು, ಅಭ್ಯಾಸದಂತೆ, ‘ನಿಮ್ಮ ಮನ್ಯಾಗ ಎಮ್ಮಿ’ ಎಂದು ಶುರು ಮಾಡಿದರು.

‘ಆಟದಾಗ ಓಡಿ ಬಂದು ನಿಂದರತೀರಲ್ಲ, ಅದ ಇದು. ಒಮ್ಮೆ ಸೋತೇನಿ, ಮತ್ತ ಸೋಲೂದಿಲ್ಲ’ ಎಂದಳು ಹುಡುಗಿ. ‘ನಾ ನೋಡತೇನಿ. ಚುಚ್ಚರಿ.’

ಅವಳು ನೋಡುತ್ತಿರುವಾಗಲೇ ಪೈಲ್ವಾನರು ಸೂಜಿ ಚುಚ್ಚಿದರು. ಯಾವ ಆಟವೂ ಇಲ್ಲದೆ, ನಿಧಾನವಾಗಿ, ನೇರವಾಗಿ. ಅವರ ಕೈ ಹಾಗೆ ಕೆಲಸ ಮಾಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಕೊಳವೆ ತುಂಬಿತು. ಅವಳು ತಾನೇ ಹತ್ತಿ ಒತ್ತಿಕೊಂಡು ಎದ್ದಳು. ‘ಬಾಕಿ ಒಂದು ಸುತ್ತು ಐತ್ರಿ’ ಎಂದು ಕಪಾಟಿನ ಮೇಲಿನ ಕಂಟ್ರೋಲರಿನ ಕಡೆ ನೋಡಿದಳು. ಆ ಮಧ್ಯಾಹ್ನ ಗುಬ್ಬಿ ಸೋತ. ಬಿದ್ದ ಗುಬ್ಬಿಯ ಹತ್ತಿರ ಬಂದು ಕೋಲಿನ ಹೆಣ್ಣು ಏನು ಮಾಡಿದಳು ಎಂದು ಬೇರೆ ಹೇಳಬೇಕಿಲ್ಲ. ಈಗ ಪೈಲ್ವಾನರು ಇರುವ ಹಂಸಭಾವಿಯಿಂದ ಅವಳ ಊರು ದೂರವಿಲ್ಲ. ಭಾನುವಾರದ ಬೇಲಿ ಈಗ ಅವಳ ಕಡೆಗೇ ಬೆಳೆಯುತ್ತಿದೆ ಎಂದು ಫೋನಿನಲ್ಲಿ ಹೇಳುತ್ತಾರೆ. ತಿಂಗಳಿಗೆ ಬಿಡುತ್ತೇನೆ ಎಂದವರು ಲ್ಯಾಬಿನಲ್ಲಿ ಮುಂದೆ ಎರಡು ಬೇಸಿಗೆ ಇದ್ದು, ಹೋಗಬೇಕೆನ್ನಿಸಿದಾಗಲೇ ಹೋದರು.

ಆದರೆ ನನಗೆ ಉಸಿರು ಬಂದದ್ದು ಮಧ್ಯಾಹ್ನದ ಆಟದಲ್ಲಿ ಅಲ್ಲ, ಅದಕ್ಕೂ ಮುಂಚೆ. ಹುಡುಗಿ ಎದ್ದ ಕುರ್ಚಿಗೆ ನಾನು ಮುಂದಿನವರನ್ನು ಕರೆದೆ. ಹಿಂದಿನ ಓಣಿಯ ಅವ್ವಾರು ಬಂದು ಕೂತರು. ನಾನು ಸೂಜಿಯ ಪೊಟ್ಟಣ ಹರಿಯಲು ಹೋದೆ. ಅವರು ನೀಲಿ ಕಲೆ ಇನ್ನೂ ಹೋಗದ ಕೈಯನ್ನು ಹಿಂದೆ ಎಳೆದುಕೊಂಡರು.

‘ನೀ ಸರಿಯಪಾ. ನಿನ್ನ ಕಡಿಂದ ಚುಚ್ಚಿಸ್ಕೊಂಡು ಸಾಕಾಗೈತಿ.’ ಇನ್ನೊಂದು ಕೈಯ ಸೆರಗು ಮೇಲೆ ಮಾಡಿ ಚಾಚಿದರು. ‘ಪೈಲ್ವಾನ್ರ, ಬರ್ರಿ.’

ಪೈಲ್ವಾನರು ಬಂದು ಎರಡು ಸಲ ತಟ್ಟಿದರು. ಅವರ ಮುಖ ನೋಡಿದರು.

‘ಎಮ್ಮಿ ಎಷ್ಟು ಆದುವಬೇ?’

‘ಹೋದ ಸಲ ಮೂರು ಇದ್ದೂರಿ’ ಎಂದು ಅವ್ವಾರು ಸೂರು ನೋಡುತ್ತ ಶುರು ಮಾಡಿದರು, ‘ಒಂದು ಈಗ ಕರಾ ಹಾಕೇತಿ, ಅದಕ್ಕ ಒಟ್ಟು...’

‘ಆತು, ಏಳ್ರಿ’ ಎಂದರು ಪೈಲ್ವಾನರು.